ನಳ ಬರುವ ಹೊತ್ತು

ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಹುಟ್ಟುತ್ತದೆ. ನಮ್ಮ ಕಡೆ ಅಷ್ಟೊತ್ತಿಗೆ ಕಾಲುವೆಯ ವರ್ಷ ಮುಗಿದಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ಮುಂಗಾರು ಹಿಡಿದು, ಡ್ಯಾಮಿಗೆ ಒಂದಿಷ್ಟು ನೀರು ಕೂಡಿದ ಮೇಲೆ. ಎರಡನೇ ಬೆಳೆಯ ಪುಣ್ಯವಿದ್ದ ವರ್ಷ ಮಾರ್ಚ್ ಕೊನೆತನಕ ಹರಿಸಿ ಬಂದ್ ಮಾಡುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಹೊಸ ಬಜೆಟ್ಟಿನ ಲೆಕ್ಕ ಚಾಲೂ ಆಗುವ ಹೊತ್ತಿಗೆ ಸಿಂಧನೂರು, ಮಸ್ಕಿ ಕಡೆ ಕಾಲುವೆಯ ತಳ ಕಾಣತೊಡಗುತ್ತದೆ. ಒಂದು ವರ್ಷ ಹುಟ್ಟುವುದಕ್ಕೂ ಇನ್ನೊಂದು ಸಾಯುವುದಕ್ಕೂ ಇಷ್ಟು ಸರಿಯಾದ ಮುಹೂರ್ತ ಯಾವ ಐನಾರು ಇಟ್ಟುಕೊಟ್ಟರೋ ಏನೋ.

ಈ ಕಾಲುವೆಯದು ತನ್ನದೇ ಒಂದು ರೀತಿ. ದೇಶವೆಲ್ಲ ಕಿಲೋಮೀಟರಿಗೆ ಹೊರಳಿ ಅರ್ಧ ಶತಮಾನದ ಮೇಲಾಯಿತು, ಇದು ಮಾತ್ರ ಇನ್ನೂ ಮೈಲಿನಲ್ಲೇ ಇದೆ. 47ನೇ ಮೈಲು, 69ನೇ ಮೈಲು, 104ನೇ ಮೈಲು. ಅಲ್ಲಲ್ಲಿ ಗೇಜ್ ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಊರೂರಿನ ಮುಖಚರ್ಯೆ ನಿಂತಿರುತ್ತದೆ. ಚಹಾದ ಅಂಗಡಿಯಲ್ಲಿ ಕೂತವರು ಕ್ರಿಕೆಟ್ ಸ್ಕೋರು ಕೇಳುವುದಕ್ಕಿಂತ ಮೊದಲು ಕೇಳುವುದು, "69ರಾಗ ಎಷ್ಟೈತಿ?" ಉತ್ತರ ಕಡಿಮೆ ಬಂದರೆ ಕೆಳಭಾಗದ ರೈತರು ರಸ್ತೆಗೆ ಇಳಿಯುತ್ತಾರೆ. ಆಗ ಕಾಲುವೆ ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟವರ ಮೇಲೆ ಕಣ್ಣಿಡಲು ಪೊಲೀಸರು ಬರುತ್ತಾರೆ. ಗದ್ದೆಗೆ ಹೋಗುವ ನೀರಿಗೇ ಇಷ್ಟು ಕಾವಲು ಇರುವಾಗ ನಳಕ್ಕೆ ಬರುವ ನೀರಿನ ಪಾಡೇನು ಎಂದು ಕೇಳಬೇಡಿ. ಅದನ್ನು ಹೇಳಲಿಕ್ಕೇ ಇಷ್ಟು ಸುತ್ತು ಹೊಡೆಯುತ್ತಿದ್ದೇನೆ.

ನಾನು ರಿಟೈರಾದ ಮಾಸ್ತರ. ರಿಟೈರಾದ ಮಾಸ್ತರನಿಗೆ ಊರಲ್ಲಿ ಎರಡು ಕೆಲಸ ಬಂದೇ ಬರುತ್ತವೆ: ಲಗ್ನಪತ್ರಿಕೆ ತಿದ್ದುವುದು, ಭಾಷಣ ಬರೆದುಕೊಡುವುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿ ಒಂದರ ಅಧ್ಯಕ್ಷರು ಮೊನ್ನೆ ಮೂರನೇ ಕೆಲಸ ಹಚ್ಚಿದರು. ಕುರ್ಚಿಯಲ್ಲಿ ಕೂತು ವರ್ಷ ತುಂಬಿತು, ಕುಡಿಯುವ ನೀರಿನ ಬಗ್ಗೆ ಒಂದು ವರ್ಷದ ಸಾಧನೆಯ ಪುಸ್ತಿಕೆ ಬೇಕು ಎಂದು. ಯಾವ ಊರು ಎಂದು ನಾನು ಹೇಳುವುದಿಲ್ಲ. ಸಿಂಧನೂರಿನದು ನಗರಸಭೆ, ಲಿಂಗಸುಗೂರು ಮಸ್ಕಿಯವು ಪುರಸಭೆ. ಅಷ್ಟು ಹೇಳಿದರೂ ಪತ್ತೆ ಹಚ್ಚುವ ಮಂದಿ ಇದ್ದಾರೆ. ಓದಿದ ಮೇಲೆ ಮೂರೂ ಊರಿನವರು "ಇದು ನಮ್ಮದಲ್ಲ, ಅವರದು" ಅಂದುಕೊಳ್ಳಲಿ. ಅದರಿಂದ ಯಾರಿಗೂ ನಷ್ಟವಿಲ್ಲ.

ಅಧ್ಯಕ್ಷರು ಹೆಣ್ಣುಮಗಳು, ನನ್ನ ಹಳೇ ವಿದ್ಯಾರ್ಥಿನಿ. ಊರಲ್ಲಿ "ಅಧ್ಯಕ್ಷರು ಬಂದ್ರು" ಅಂದರೆ ಜನ ತಿರುಗಿ ನೋಡುವುದು ಆಕೆಯ ಗಂಡನ ಕಡೆಗೆ. ಮೀಸಲಾತಿಯಲ್ಲಿ ಕುರ್ಚಿ ಒಬ್ಬರಿಗೆ, ಸನ್ಮಾನದ ಶಾಲು ಇನ್ನೊಬ್ಬರಿಗೆ ಎಂಬುದು ನಮ್ಮ ರಾಜ್ಯಕ್ಕೇನು ಹೊಸದಲ್ಲ. ಅದೂ ಆ ಕುರ್ಚಿ ಸಿಗಬೇಕಲ್ಲ! ಅಧ್ಯಕ್ಷಗಿರಿ ಮೂವತ್ತು ತಿಂಗಳದು. ಒಂದು ಅವಧಿ ಮುಗಿದು ಇನ್ನೊಂದಕ್ಕೆ ಮೀಸಲಾತಿ ಪಟ್ಟಿ ಬರುವುದರೊಳಗೆ ರಾಜ್ಯದ ಎಷ್ಟೋ ಪುರಸಭೆ ನಗರಸಭೆಗಳಲ್ಲಿ ಕುರ್ಚಿ ವರ್ಷದ ಮೇಲೆ ಖಾಲಿ ಬಿದ್ದಿತ್ತು. ಆಡಳಿತಾಧಿಕಾರಿಯೇ ಎಲ್ಲ. ಕೊನೆಗೆ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಕೊಂಡು ಹೋಯಿತು. ಇತ್ತ ಕುರ್ಚಿಗೆ ಜನ ಬಂದರು, ಅತ್ತ ಡ್ಯಾಮಿನಿಂದ ನೀರು ಹೋಯಿತು. ವಾರದೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಬಾಯಿ ಮುಚ್ಚಿದರು. ಆ ವಾರ ನಮ್ಮಲ್ಲಿ ದೇವರಿಗೆ ಹೊತ್ತ ಹರಕೆ ಎಷ್ಟೋ. ಮರುವರ್ಷ ಡ್ಯಾಮನ್ನು ಪೂರ್ತಿ ತುಂಬಿಸಲಿಲ್ಲ. ಗೇಟುಗಳನ್ನು ಬದಲಿಸುವ ಕೆಲಸಕ್ಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು.

ಹೇಳಲು ಹೊರಟದ್ದು ಪುಸ್ತಿಕೆಯ ವಿಷಯ. ಮುಖ್ಯಾಧಿಕಾರಿಗಳ ಕಚೇರಿಯಿಂದ ನನಗೆ ಒಂದು ಕಟ್ಟು ಕಾಗದ ಬಂತು. ಇಷ್ಟು ಮೀಟರ್ ಪೈಪ್‌ಲೈನ್, ಇಷ್ಟು ಹೊಸ ನಳದ ಸಂಪರ್ಕ, ಇಷ್ಟು ಅಶ್ವಶಕ್ತಿಯ ಮೋಟಾರು, ಅಮೃತ್ 2.0ದಲ್ಲಿ ಇಷ್ಟು ಲಕ್ಷ, ಕಲ್ಯಾಣ ಕರ್ನಾಟಕ ಮಂಡಳಿಯಿಂದ ಇಷ್ಟು. ಎಲ್ಲ ಖರೆ ಇದ್ದೀತು. ಕೊನೆಯ ಹಾಳೆಯಲ್ಲಿ ಉಳಿತಾಯ ಬಜೆಟ್. ನಮ್ಮ ರಾಜ್ಯದಲ್ಲಿ ಕೊರತೆ ಬಜೆಟ್ ಮಂಡಿಸಿದ ಪುರಸಭೆಯ ಸುದ್ದಿಯನ್ನು ನಾನಂತೂ ಪೇಪರಿನಲ್ಲಿ ಓದಿದ ನೆನಪಿಲ್ಲ. ಬೀದಿ ದೀಪದ ಬಿಲ್ಲು ಬಾಕಿ ಇರಲಿ, ಹೊರಗುತ್ತಿಗೆಯವರ ಪಗಾರ ಬಾಕಿ ಇರಲಿ, ಬಜೆಟ್ ಮಾತ್ರ ಉಳಿತಾಯದ್ದೇ.

ಈ ಲೆಕ್ಕ ಹೇಳುವ ಪದ್ಧತಿಗೂ ಒಂದು ಚರಿತ್ರೆ ಇದೆ. 1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಆಮೇಲೆ ಬಂದ ಹೊಸ ಹೊಸ ದಿವಾನರೂ ದಸರೆಗೆ ಸೇರಿದವರ ಮುಂದೆ ನಿಂತು ವರ್ಷದಲ್ಲಿ ಏನಾಯಿತು ಎಂದು ಹೇಳಬೇಕಾಯಿತು. ನಮ್ಮದು ನಿಜಾಮರ ಸೀಮೆ. ಲೆಕ್ಕ ಮೇಲಕ್ಕೆ ಹೋಗುತ್ತಿತ್ತೇ ಹೊರತು ಕೆಳಕ್ಕೆ ಬರುತ್ತಿರಲಿಲ್ಲ. ಲಿಂಗಸುಗೂರನ್ನೇ ನೋಡಿ. ಛಾವಣಿಯ ಊರು, ಒಂದು ಕಾಲಕ್ಕೆ ಸ್ವತಃ ಜಿಲ್ಲಾಕೇಂದ್ರ. 1905ರಲ್ಲಿ ಜಿಲ್ಲೆಯನ್ನೇ ತೆಗೆದು ಹಾಕಿ ರಾಯಚೂರು, ಕಲಬುರಗಿಗಳಿಗೆ ಹಂಚಿದರು. ಲಿಂಗಸುಗೂರು ತಾಲ್ಲೂಕಿನೊಳಗಿದ್ದ ಮಸ್ಕಿ 2017-18ರ ಬಜೆಟ್ಟಿನ 49 ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ಮೇಲೆ ಬಂತು. ಜಿಲ್ಲೆ ಇದ್ದದ್ದು ತಾಲ್ಲೂಕಾಯಿತು, ಹೋಬಳಿ ಇದ್ದದ್ದೂ ತಾಲ್ಲೂಕಾಯಿತು. ಲಿಂಗಸುಗೂರಿನ ಹಿರಿಯರಿಗೆ ಈ ಸಮಾನತೆ ಇನ್ನೂ ಅಷ್ಟು ರುಚಿಸಿಲ್ಲ.

ಮಸ್ಕಿಯ ಹೆಸರು ಬಂದಮೇಲೆ ಅಶೋಕನನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಶಾಲೆಯ ಮಕ್ಕಳನ್ನು ಕರೆದುಕೊಂಡು ಆತನ ಶಾಸನವಿರುವ ಬಂಡೆಯ ಮುಂದೆ ನಿಂತು ನಾನು ಎಷ್ಟೋ ಸಲ ಒಂದೇ ಪಾಠ ಹೇಳಿದ್ದೇನೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇದನ್ನು ಕಂಡ. 'ದೇವಾನಾಂಪಿಯ' ಎಂಬ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರು ಮೊದಲು ಸಿಕ್ಕದ್ದು ಇಲ್ಲೇ. ಪ್ರಿಯದರ್ಶಿ ಯಾರು ಎಂಬ ವಾದ ಇಲ್ಲಿಗೆ ಮುಗಿಯಿತು. ಪರೀಕ್ಷೆಗೆ ಅಷ್ಟು ಸಾಕು. ಈ ಪುಸ್ತಿಕೆಯ ಗುಂಗಿನಲ್ಲಿದ್ದಾಗ ಮಾತ್ರ ಆ ಶಾಸನದ ಒಳಗಿನ ಮಾತು ಬೇರೆ ತರಹ ಕೇಳಿಸಿತು. ಅದು ಇನ್ನೇನೂ ಅಲ್ಲ, ಒಬ್ಬ ದೊರೆ ತನ್ನ ಪ್ರಗತಿಯ ಬಗ್ಗೆ ತಾನೇ ಬರೆಸಿದ ವರದಿ!

ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷದ ಮೇಲಾಯಿತು ಎಂದು ಅದರಲ್ಲಿ ಅಶೋಕ ಶುರು ಮಾಡುತ್ತಾನೆ. ಸಂಘದ ಹತ್ತಿರ ಹೋಗಿ ಶ್ರದ್ಧೆಯಿಂದ ತೊಡಗಿ ಒಂದು ವರ್ಷ ಮೀರಿತು ಎನ್ನುತ್ತಾನೆ. ಮಸ್ಕಿಯ ಬಂಡೆ ಅಲ್ಲಲ್ಲಿ ಸವೆದಿದೆ. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿ ನಡುವೆ ಒಂದು ಮಾತು ಬರುತ್ತದೆ: ಮೊದಲ ಒಂದು ವರ್ಷ ನಾನು ಅಷ್ಟೇನೂ ಶ್ರಮ ಪಡಲಿಲ್ಲ ಎಂದು. ನೋಡಿ ಮತ್ತೆ! ಕಳಿಂಗವನ್ನು ಗೆದ್ದವನು, ಮುಕ್ಕಾಲು ಭಾರತಕ್ಕೆ ಒಡೆಯ, ಹಿಂದೆ ಯಾವ ಆಡಿಟ್ ಇಲ್ಲ, ಮುಂದೆ ಯಾವ ಚುನಾವಣೆ ಇಲ್ಲ. ಆದರೂ ಒಂದು ವರ್ಷ ಸುಮ್ಮನೆ ಹೋಯಿತು ಎಂದು ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಫ್ಲೆಕ್ಸ್ ಮೇಲಲ್ಲ, ಕಲ್ಲಿನ ಮೇಲೆ. ದಾರಿಯುದ್ದಕ್ಕೂ ಬಾವಿ ತೋಡಿಸಿದೆ, ಮರ ಹಚ್ಚಿಸಿದೆ ಎಂದು ಆತ ಬೇರೆ ಶಾಸನಗಳಲ್ಲಿ ಹೇಳಿಕೊಂಡದ್ದುಂಟು, ನೀರಿನ ಖಾತೆಯಲ್ಲಿ ಆತನಿಗೂ ಜಮಾ ಇದೆ. ಬಹುತೇಕ ಕಡೆ ಹೆಸರು ಸಹ ಹಾಕಿಸಿಲ್ಲ, ಬಿರುದಿನಲ್ಲೇ ಮುಗಿಸಿದ್ದಾನೆ. ಈಗ ಹೈಮಾಸ್ಟ್ ದೀಪದ ಕಂಬಕ್ಕೆ ಬರೆಸುವ ಹೆಸರುಗಳ ಪಟ್ಟಿ ಓದಲಿಕ್ಕೇ ಆ ದೀಪ ಹಚ್ಚಬೇಕಾಗುತ್ತದೆ.

ಈ ಉತ್ಸಾಹದಲ್ಲಿ ಅಧ್ಯಕ್ಷರ ಮನೆಗೆ ಹೋಗಿ ಹೇಳಿದೆ. "ನೋಡವ್ವ, ಪುಸ್ತಿಕೆ ಅಶೋಕನಂಗ ಶುರು ಮಾಡೋಣ. ಮೊದಲನೇ ಆರು ತಿಂಗಳು ಏನೂ ಆಗಲಿಲ್ಲ ಅಂತ."

ಆಕೆಯ ಗಂಡ ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಆಕೆ ಮಾತ್ರ ನಕ್ಕಳು. "ಸರ, ಆರು ತಿಂಗಳು ನಾ ಸಹಿ ಎಲ್ಲಿ ಮಾಡಬೇಕು ಅನ್ನೋದನ್ನ ಕಲ್ತೀನಿ. ಬರೀರಿ, ಅದು ಖರೇನ ಐತಿ. ಆದರ ಈ ಮೀಟರು, ಲಕ್ಷ, ಇವೆಲ್ಲ ನಮ್ಮ ಓಣ್ಯಾನ ಹೆಣ್ಮಕ್ಕಳಿಗೆ ಏನ್ ತಿಳೀತಾವ್ರಿ? ಅವರು ಕೇಳೋದು ಒಂದ ಮಾತು. ನಳ ಯಾವಾಗ ಬರ್ತಾವ?"

ಆಮೇಲೆ ಅರ್ಧ ತಾಸು ಆಕೆಯೇ ಮಾತಾಡಿದಳು. ಲಗ್ನವಾಗಿ ಬಂದ ಹೊಸದರಲ್ಲಿ ನಳ ವಾರಕ್ಕೊಮ್ಮೆ ಬರುತ್ತಿದ್ದವಂತೆ. ವಾರಕ್ಕೊಮ್ಮೆ ಎಂಬುದರ ಬಗ್ಗೆ ಆಕೆಗೆ ತಕರಾರಿರಲಿಲ್ಲ. ಯಾವ ವಾರ, ಎಷ್ಟೊತ್ತಿಗೆ ಎಂದು ಗೊತ್ತಿಲ್ಲದ್ದೇ ತ್ರಾಸು. ತವರಿನಲ್ಲಿ ಅಣ್ಣನ ಮಗಳ ಸೀಮಂತ. ಹೋದರೆ ನಳ ತಪ್ಪುತ್ತವೆ, ತಪ್ಪಿದರೆ ಮುಂದಿನ ಪಾಳಿತನಕ ಬಟ್ಟೆ ತೊಳೆಯುವಂತಿಲ್ಲ. ಹೋಗಲಿಲ್ಲ. ಆ ದಿನ ನಳವೂ ಬರಲಿಲ್ಲ. ನಾಟಿಗೆ ಹೋಗುವ ಹೆಣ್ಣುಮಕ್ಕಳು "ಇವತ್ತು ನಳ ಬರಬಹುದು" ಎಂಬ ಒಂದೇ ಮಾತಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಹುಡುಗಿಯರನ್ನು ಶಾಲೆ ಬಿಡಿಸಿ ಕೊಡ ಕಾಯಲು ಕೂಡಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ನಾನೇ ಎಷ್ಟು ಸಲ ಗೈರುಹಾಜರಿ ಹಾಕಿರಬಹುದು. ಕಾರಣ ಕೇಳಿದಾಗ "ನಳ ಬಂದಿದ್ವು ಸರ" ಅನ್ನುತ್ತಿದ್ದರು. ಬರದಿದ್ದ ದಿನಗಳನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಿತ್ತು ಎಂದು ಆಗ ಹೊಳೆದಿರಲಿಲ್ಲ.

"ನೀರು ಜಾಸ್ತಿ ಮಾಡೋದು ನನ್ನ ಕೈಯಾಗಿಲ್ರಿ," ಅಂದಳು. "ಡ್ಯಾಮು ನಂದಲ್ಲ, ಕಾಲುವಿ ನಂದಲ್ಲ, ಕರೆಂಟು ನಂದಲ್ಲ. ಹೊತ್ತು ಹೇಳೋದರ ನನ್ನ ಕೈಯಾಗ ಐತಿ ಅಂದ್ಕೊಂಡೆ. ಅದೂ ಎಷ್ಟು ಕಷ್ಟ ಅಂತ ಆಮ್ಯಾಲ ತಿಳೀತು."

ಎಷ್ಟು ಕಷ್ಟ ಎಂದು ತಿಳಿಯಲು ನಾನು ಒಂದು ನಸುಕಿಗೆ ವಾಟರ್‌ಮನ್ ಜೊತೆ ಹೋದೆ. ಕಾಲುವೆಯಲ್ಲಿ ನೀರಿದ್ದಾಗ ಕೆರೆ ತುಂಬಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಆ ಕೆರೆಯನ್ನು ಒರೆಸಿ ಒರೆಸಿ ಬಳಸಬೇಕು. ಸಿಂಧನೂರಿಗೆ ತುರ್ವಿಹಾಳದ ಕೆರೆ ಇರುವುದೇ ಅದಕ್ಕೆ. ಲಿಂಗಸುಗೂರಿನ ಕಣ್ಣು ಆಚೆ ಕೃಷ್ಣೆಯ ಕಡೆಗೆ, ನಾರಾಯಣಪುರದ ಬಸವಸಾಗರದ ಕಡೆಗೆ. ಎರಡು ಹೊಳೆಗಳ ನಡುವಿನ ನಾಡು ಎಂದು ದೋಆಬಿನ ಚರಿತ್ರೆ ಹೇಳುವಾಗ ಎದೆ ಉಬ್ಬುತ್ತದೆ. ವಿಜಯನಗರದವರು, ಬಹಮನಿಯವರು ಇದಕ್ಕಾಗಿಯೇ ಹೊಡೆದಾಡಿದರು, ಮುದಗಲ್ಲಿನ ಕೋಟೆ ಕೈ ಬದಲಾಯಿಸುತ್ತಲೇ ಇತ್ತು. ಆದರೆ ಎರಡೂ ಹೊಳೆ ಅಂಚಿನಲ್ಲಿ ಹರಿಯುತ್ತವೆ, ಊರು ನಡುವೆ ಇವೆ. ಬೋರು ಹಾಕಿಸಿದರೆ ಒಂದು ಕಡೆ ಸವಳು, ಇನ್ನೊಂದು ಕಡೆ ಫ್ಲೋರೈಡು. ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಎಷ್ಟೋ ಭೂಮಿ ಸವಳು-ಜವಳಾಗಿದೆ. ನೀರು ಹೆಚ್ಚಾಗಿ ಹೊಲ ಕೆಟ್ಟ ಊರಿನಲ್ಲೇ ಕುಡಿಯುವ ನೀರಿಗೆ ಪಾಳಿ ಹಚ್ಚುತ್ತೇವೆ.

ಕೆರೆಯಿಂದ ನೀರೆತ್ತಲು ಜಾಕ್‌ವೆಲ್‌ನಲ್ಲಿ ಪಂಪು. ಪಂಪಿಗೆ ಕರೆಂಟು. ಅಲ್ಲಿಂದ ಶುದ್ಧೀಕರಣ ಘಟಕ, ಆಲಂ, ಕ್ಲೋರಿನ್. ಅಲ್ಲಿಂದ ಎತ್ತರದ ಟಾಕಿ. ಟಾಕಿ ತುಂಬಿದ ಮೇಲೆ ಓಣಿ ಓಣಿಗೆ ವಾಲ್ವ್. ರಾತ್ರಿ ಎರಡು ತಾಸು ಕರೆಂಟು ಹೋದರೆ ಟಾಕಿ ಅರ್ಧ. ಅರ್ಧ ಟಾಕಿಗೆ ನೀರು ಬಿಟ್ಟರೆ ಎತ್ತರದ ಓಣಿಗೆ ಏರುವುದೇ ಇಲ್ಲ. ಬಿಡದಿದ್ದರೆ ಪಾಳಿ ತಪ್ಪುತ್ತದೆ. ಅದನ್ನು ನಸುಕಿನ ನಾಲ್ಕಕ್ಕೆ ನಿರ್ಧಾರ ಮಾಡುವವನು ಎಂಜಿನಿಯರೂ ಅಲ್ಲ, ಅಧ್ಯಕ್ಷರೂ ಅಲ್ಲ. ಕಿವಿಗೆ ಮಫ್ಲರ್ ಸುತ್ತಿದ, ಬೈಕಿನ ಹಿಂದೆ ಎದೆಯೆತ್ತರದ ಕಬ್ಬಿಣದ ಚಾವಿ ಕಟ್ಟಿಕೊಂಡ ಈ ಮನುಷ್ಯ.

ಚೇಂಬರಿನ ಮೇಲಿನ ಪರಸಿಯನ್ನು ಹಾರೆಯಿಂದ ಮೀಟಿ ಸರಿಸಿದ. ಒಳಗೆ ಮೊಣಕಾಲುದ್ದ ರಾಡಿ. ಬ್ಯಾಟರಿ ಬಿಡದೆ, ಕೈಯಂದಾಜಿನಲ್ಲೇ ಚಾವಿಯ ಬಾಯನ್ನು ವಾಲ್ವಿನ ತಲೆಗೆ ಕೂಡಿಸಿದ. ತಿರುವುತ್ತ ಸುತ್ತು ಎಣಿಸುತ್ತಿದ್ದ. ಕೆಳಗಿನ ಓಣಿಗೆ ಪೂರ್ತಿ ಬಿಚ್ಚಿದರೆ ಮೇಲಿನವರಿಗೆ ಹೋಗುವುದಿಲ್ಲವಂತೆ, ಹಾಗಾಗಿ ಕೆಲವು ಸುತ್ತು ಬಾಕಿ ಉಳಿಸಿದ. ನಡುವೆ ನಿಲ್ಲಿಸಿ ಚಾವಿಗೆ ಅಂಗೈ ಹಚ್ಚಿ ನಿಂತ. ನೀರು ಹೊಂಟಿತೋ ಇಲ್ಲವೋ ಕಬ್ಬಿಣ ನಡುಗುವುದರಲ್ಲೇ ತಿಳಿಯುತ್ತದಂತೆ. ನನ್ನ ಕೈಯನ್ನೂ ಹಚ್ಚಿಸಿದ; ನನಗೆ ತಂಪು ಬಿಟ್ಟರೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಓಣಿಯ ನಳಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು, ಯಾರದೋ ಮನೆಯ ಮೋಟಾರು ಗುರ್ ಅಂದಿತು. "ನೋಡ್ರಿ ಸರ, ನಳಕ್ಕ ಮೋಟಾರ್ ಹಚ್ಚಬ್ಯಾಡ್ರಿ ಅಂತ ಮೈಕಿನಾಗ ಹೇಳಿದ್ರೂ ಕೇಳಂಗಿಲ್ಲ," ಅಂದವನು ಮುಂದಿನ ಚೇಂಬರಿಗೆ ಗಾಡಿ ಹೊರಳಿಸಿದ. ಈ ಊರಿನ ನೀರಿನ ನಕ್ಷೆ ಕಚೇರಿಯ ಗೋಡೆಯ ಮೇಲೂ ಒಂದು ಇದೆ. ನಿಜವಾದದ್ದು ಈತನ ತಲೆಯಲ್ಲಿದೆ. ಈತ ರಜೆ ಹಾಕಿದರೆ ನಕ್ಷೆಯೂ ರಜೆ.

ಹೊತ್ತು ಹೇಳುವ ವಿಚಾರ ನಮ್ಮ ಅಧ್ಯಕ್ಷರಿಗೇ ಮೊದಲು ಹೊಳೆದದ್ದೇನಲ್ಲ. ಹುಬ್ಬಳ್ಳಿಯಲ್ಲಿ 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಇದನ್ನೇ ಮಾಡಿತ್ತು. ವಾಲ್ವ್‌ಮನ್ ವಾಲ್ವ್ ಬಿಚ್ಚುವ ಮುಂಚೆ ಒಂದು ಫೋನು ಮಾಡಬೇಕು, ಆ ಓಣಿಯವರಿಗೆಲ್ಲ ಎಸ್ಸೆಮ್ಮೆಸ್ ಹೋಗಬೇಕು. ಅದೇ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಮತ್ತು ನಮ್ಮ ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ 24 ತಾಸೂ ನೀರು ಕೊಟ್ಟು ತೋರಿಸಿದರು. 24 ತಾಸೂ ಬರುವ ಕಡೆ ಹೊತ್ತು ಕೇಳುವ ಪ್ರಶ್ನೆಯೇ ಇಲ್ಲ. ನಮ್ಮಂಥ ಕಾಲುವೆ ಅಂಚಿನ ಊರಿಗೆ ಆ ಭಾಗ್ಯ ಬರುವತನಕ ಏನು ಮಾಡುವುದು? ಫೋನು ಸಾಕು ಎಂಬುದು ನನ್ನ ಅಭಿಪ್ರಾಯ. ಪೈಪು ಹೂಳಲು ಕೋಟಿ ಬೇಕು, ಟೆಂಡರು ಬೇಕು, ಅಗೆದ ರಸ್ತೆ ಮುಚ್ಚಲು ಇನ್ನೊಂದು ಟೆಂಡರು ಬೇಕು. "ನಾಳೆ ಐದಕ್ಕೆ ಬರ್ತಾವ" ಎಂದು ಹೇಳಲು ಹೇಳುವ ಮನಸ್ಸು ಬೇಕು, ಆಮೇಲೆ ಹೇಳಿದಂತೆ ಬಿಡುವ ಕಟ್ಟುನಿಟ್ಟು ಬೇಕು. ಎರಡನೆಯದು ಕೋಟಿಗಿಂತ ದುಬಾರಿ ಎಂಬುದನ್ನೂ ಒಪ್ಪುತ್ತೇನೆ. ಹೊತ್ತು ಹೇಳಿದವನು ಸಿಕ್ಕಿಬೀಳುತ್ತಾನೆ, ಹೇಳದವನಿಗೆ ತಡ ಎಂಬುದೇ ಇಲ್ಲ. ಅದಕ್ಕೇ ಯಾರೂ ಹೇಳುವುದಿಲ್ಲ.

ಈಕೆ ಹೇಳಿಸಿದಳು. ಹೆಚ್ಚಿನದೇನಿಲ್ಲ, ಓಣಿಗೊಂದು ವಾಟ್ಸಾಪ್ ಗುಂಪು, ಫೋನಿಲ್ಲದವರಿಗೆ ಅಂಗನವಾಡಿಯ ಗೋಡೆಗೆ ಒಂದು ಕರಿಹಲಗೆ. ಹಿಂದಿನ ಸಂಜೆ ವಾಟರ್‌ಮನ್ ಸುಣ್ಣದ ಕಡ್ಡಿಯಿಂದ ಬರೆಯಬೇಕು. ಮೊದಲ ತಿಂಗಳು ಬರೆದದ್ದೊಂದು, ಬಂದದ್ದೊಂದು. ಜನ ಹಲಗೆ ನೋಡಿ ನಕ್ಕರು. ವಿರೋಧ ಪಕ್ಷದ ಸದಸ್ಯರೊಬ್ಬರು ಸಾಮಾನ್ಯ ಸಭೆಯಲ್ಲಿ ಅದರ ಫೋಟೊ ಎತ್ತಿ ತೋರಿಸಿದರು. ಈಕೆ ಹಲಗೆ ತೆಗೆಸಲಿಲ್ಲ. ಕರೆಂಟು ಹೋದರೆ "ಕರೆಂಟ್ ಇಲ್ಲ, ನಾಳೆ" ಎಂದು ಬರೆಸಿದಳು. ಕಾಲುವೆ ಬಂದಾದ ಮೇಲೆ ಪಾಳಿ ಉದ್ದವಾದಾಗ "ಇನ್ನ ಮೇಲೆ ಏಳು ದಿನಕ್ಕೊಮ್ಮೆ" ಎಂದು ಬರೆಸಿದಳು. ಮುಖ್ಯಾಧಿಕಾರಿಗಳು ಇದನ್ನು ಬರೆಯುವುದು ಬೇಡ, ಜನ ಗಲಾಟೆ ಮಾಡುತ್ತಾರೆ ಅಂದರಂತೆ. ಗಲಾಟೆ ಆಗಲಿಲ್ಲ. ಹೆಣ್ಣುಮಕ್ಕಳು ಏಳು ದಿನದ ಲೆಕ್ಕ ಹಾಕಿ ಇನ್ನೆರಡು ಬ್ಯಾರಲ್ ತಂದಿಟ್ಟುಕೊಂಡರು, ಆರನೇ ದಿನ ನಿಶ್ಚಿಂತೆಯಿಂದ ಕೂಲಿಗೆ ಹೋದರು.

ಪುಸ್ತಿಕೆಯ ಕತೆ ಏನಾಯಿತು ಎಂದು ಕೇಳುತ್ತೀರಿ. ಮೀಟರು, ಲಕ್ಷ, ಅಶ್ವಶಕ್ತಿ ಎಲ್ಲ ಹಾಗೇ ಅಚ್ಚಾದವು, ಬಿಡಲಿಕ್ಕಾಗುತ್ತದೆಯೇ? ಶಾಸಕರ ಫೋಟೊ, ಮಂತ್ರಿಗಳ ಫೋಟೊ, ಗಂಡನ ಫೋಟೊ ಕೂಡ ಬಂದವು. ಮೊದಲ ಆರು ತಿಂಗಳು ಕಲಿಯುವುದರಲ್ಲೇ ಹೋಯಿತು ಎಂಬ ಸಾಲನ್ನು ಪ್ರೆಸ್ಸಿನವನು ಮುದ್ರಣದೋಷ ಇರಬೇಕೆಂದು ಫೋನು ಮಾಡಿ ಕೇಳಿದ. ಅಲ್ಲಪ್ಪ, ಹಾಗೇ ಇರಲಿ ಅಂದೆ. ಅಶೋಕನ ಪ್ರಸ್ತಾಪವನ್ನು ಮಾತ್ರ ಆಕೆ ಹೊಡೆದು ಹಾಕಿಸಿದಳು. ಓದಿದವರು ಮಸ್ಕಿಯ ಪುಸ್ತಿಕೆ ಅಂದುಕೊಂಡಾರು ಎಂದು.

ಬಿಡುಗಡೆಯಾಗಿ ವಾರಕ್ಕೆ ಆಕೆಯ ಫೋನು. ದನಿಯಲ್ಲಿ ಸಂಭ್ರಮ.

"ಸರ, ಇವತ್ತ ಒಬ್ಬ ಮುದುಕಿ ನಮ್ಮನಿಗೇ ಬಂದು ಬೈದು ಹೋದ್ಲು ನೋಡ್ರಿ."

"ಯಾಕವ್ವ, ನೀರು ಬಂದಿಲ್ಲೇನು?"

"ಬಂದಾವ್ರಿ. ಹಲಗಿ ಮ್ಯಾಲ ಐದಕ್ಕ ಅಂತ ಬರೆದು ಐದೂ ಹತ್ತಕ್ಕ ಯಾಕ ಬಿಟ್ರಿ ಅಂತ! ಮೊದಲ ದಿನದ ಲೆಕ್ಕದಾಗ ಬೈತಿದ್ರು, ಈಗ ನಿಮಿಷಕ್ಕ ಬಂದಾರ."

ಇದನ್ನೂ ಸಾಧನೆಯ ಪಟ್ಟಿಗೆ ಸೇರಿಸಿ ಇನ್ನೊಂದು ಪ್ರತಿ ಹಾಕಿಸೋಣವೇ ಎಂದು ಕೇಳಿದೆ.

"ಬ್ಯಾಡ್ರಿ ಸರ," ಅಂದಳು. "ಮೊದಲ ಆ ಹತ್ತು ನಿಮಿಷ ಯಾಕ ತಡ ಆತು ಅಂತ ಕೇಳ್ಕೊಂಡ್ ಬರ್ತೀನಿ."